ಎರಡು ತಂತಿಯ ವಿಮಾನ ಮತ್ತು ಹದದ ವಿದ್ಯೆ

(ಏರೋಮಾಡೆಲಿಂಗ್ ಕುರಿತ ಉಪನ್ಯಾಸದ ಪಠ್ಯ)



ಆಷಾಢದ ಗಾಳಿಗೆ ಪಟ ಹಾರಿಸಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಪಟ ಕಟ್ಟುವುದು ಒಂದು ಕೆಲಸವಾದರೆ ಅದಕ್ಕೆ ಸೂತ್ರ ಹಾಕುವುದು ಇನ್ನೊಂದು ಕೆಲಸ. ಕಾಗದ, ಕಡ್ಡಿ, ಅಂಟು ಎಲ್ಲವೂ ಸರಿಯಿದ್ದು, ಸೂತ್ರ ಮಾತ್ರ ಒಂದು ಬೆರಳಿನಷ್ಟು ಹೆಚ್ಚುಕಡಿಮೆಯಾದರೂ ಪಟ ಗೋತಾ ಹೊಡೆಯುತ್ತದೆ. ಆಗ ಹುಡುಗರು ಬಾಲಂಗೋಚಿಯನ್ನು ಉದ್ದ ಮಾಡುತ್ತಾರೆ, ಸೂತ್ರದ ಗಂಟನ್ನು ಮೇಲಕ್ಕೋ ಕೆಳಕ್ಕೋ ಸರಿಸುತ್ತಾರೆ, ಮತ್ತೆ ಹಾರಿಸಿ ನೋಡುತ್ತಾರೆ. ಕೊನೆಗೆ ಪಟ ನೆಟ್ಟಗೆ ನಿಂತಾಗ ಅದನ್ನು ಯಾರೂ ವಿಜ್ಞಾನ ಎಂದು ಕರೆಯುವುದಿಲ್ಲ. 'ಹದ ಸಿಕ್ಕಿತು' ಎನ್ನುತ್ತಾರೆ, ಅಷ್ಟೆ.

ಇಂದಿನ ಮಾತು ಆ ಹದವನ್ನು ಕುರಿತದ್ದೇ. ಆದರೆ ಇಲ್ಲಿ ದಾರದ ತುದಿಯಲ್ಲಿರುವುದು ಕಾಗದದ ಪಟವಲ್ಲ, ಗಂಟೆಗೆ 80 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುವ ಪುಟ್ಟ ವಿಮಾನ. ಇದರ ಹೆಸರು ಕಂಟ್ರೋಲ್ ಲೈನ್ ಸ್ಟಂಟ್ ವಿಮಾನ. ಇದನ್ನು ಕಟ್ಟುವುದಕ್ಕೆ ತಿಂಗಳುಗಟ್ಟಲೆ ಬೇಕು. ಕಟ್ಟಿದ ಮೇಲೆ ಹದಕ್ಕೆ ತರಲು ಮತ್ತೆ ಅಷ್ಟೇ ಕಾಲ ಬೇಕಾಗಬಹುದು. ಹದ ತಪ್ಪಿದರೆ ಎಲ್ಲವೂ ಒಂದು ಕ್ಷಣದಲ್ಲಿ ನೆಲಕ್ಕಪ್ಪಳಿಸಿ ಚಕ್ಕೆಚೂರಾಗುತ್ತದೆ.

ಒಂದು ಹಿಡಿ, ಎರಡು ತಂತಿ

ರೇಡಿಯೋ ಅಲೆಗಳಿಂದ ನಡೆಸುವ ಮಾದರಿ ವಿಮಾನಗಳನ್ನು ಅನೇಕರು ನೋಡಿರುತ್ತೀರಿ. ಕಂಟ್ರೋಲ್ ಲೈನ್ ವಿಮಾನದಲ್ಲಿ ರೇಡಿಯೋ ಇಲ್ಲ. ಹಾರಿಸುವವರು ಮೈದಾನದ ನಡುವೆ ನಿಲ್ಲುತ್ತಾರೆ. ಅವರ ಕೈಯಲ್ಲಿ ಒಂದು ಹಿಡಿ ಇರುತ್ತದೆ. ಆ ಹಿಡಿಯಿಂದ ಹೊರಟ ಎರಡು ತೆಳುವಾದ ಉಕ್ಕಿನ ತಂತಿಗಳು ಸುಮಾರು 20 ಮೀಟರ್ ದೂರದಲ್ಲಿರುವ ವಿಮಾನದ ಎಡರೆಕ್ಕೆಯ ತುದಿಯಿಂದ ಒಳಹೊಕ್ಕು, 'ಬೆಲ್‌ಕ್ರ್ಯಾಂಕ್' ಎಂಬ ಸಣ್ಣ ತಟ್ಟೆಯ ಎರಡು ಕೊನೆಗಳಿಗೆ ಸೇರುತ್ತವೆ. ತಕ್ಕಡಿಯ ದಂಡಿಗೆ ನಡುವಿನ ಕೀಲಿನ ಮೇಲೆ ವಾಲುವಂತೆ ಈ ತಟ್ಟೆಯೂ ವಾಲುತ್ತದೆ. ಮುಂಗೈಯನ್ನು ಹಿಂದಕ್ಕೆ ಬಾಗಿಸಿದರೆ ಒಂದು ತಂತಿ ಒಳಕ್ಕೆ ಬರುತ್ತದೆ, ಇನ್ನೊಂದು ಅಷ್ಟೇ ಹೊರಕ್ಕೆ ಹೋಗುತ್ತದೆ. ತಟ್ಟೆ ತಿರುಗಿ, ಒಂದು ಸರಳಿನ ಮೂಲಕ ಬಾಲದಲ್ಲಿರುವ ಎಲಿವೇಟರ್ ಎಂಬ ಹಲಗೆಯನ್ನು ಎತ್ತುತ್ತದೆ. ವಿಮಾನ ಮೇಲೇರುತ್ತದೆ. ಮುಂಗೈಯನ್ನು ಮುಂದಕ್ಕೆ ಬಾಗಿಸಿದರೆ ಕೆಳಗಿಳಿಯುತ್ತದೆ.

ಹಾರಿಸುವವರ ವಶದಲ್ಲಿರುವುದು ಇಷ್ಟೇ. ಎಡಕ್ಕೆ ಬಲಕ್ಕೆ ತಿರುಗಿಸುವ ಸ್ವಾತಂತ್ರ್ಯ ಅವರಿಗಿಲ್ಲ. ಮೈದಾನದ ಮೇಲೆ ಒಂದು ದೊಡ್ಡ ಬಟ್ಟಲನ್ನು ಬೋರಲು ಹಾಕಿದಂತೆ ಊಹಿಸಿಕೊಳ್ಳಿ. ಆ ಬಟ್ಟಲಿನ ಒಳಮೈ ಮೇಲೆ ವಿಮಾನ ಎಲ್ಲಿ ಬೇಕಾದರೂ ಓಡಬಹುದು. ಅದನ್ನು ದಾಟಿ ಹೋಗುವಂತಿಲ್ಲ.

ಇಲ್ಲೊಂದು ಸಣ್ಣ ಲೆಕ್ಕವಿದೆ. ತಂತಿಯ ಉದ್ದ 20 ಮೀಟರ್ ಎಂದರೆ ಒಂದು ಸುತ್ತಿನ ಹಾದಿ ಸುಮಾರು 125 ಮೀಟರ್. ವಿಮಾನ ಅದನ್ನು 5 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಸುತ್ತುತ್ತದೆ. 1.8 ಕಿಲೋ ತೂಕದ ವಿಮಾನ ಈ ವೇಗದಲ್ಲಿ ಸುತ್ತುವಾಗ ಕೈಯನ್ನು ಸುಮಾರು ಐದೂವರೆ ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ. ಅದೇ ವಿಮಾನ ನೆತ್ತಿಯ ಮೇಲೆ ಬಂದಾಗ ಅದರ ತೂಕವೇ ಈ ಎಳೆತಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ, ಏರುವಾಗ ವೇಗವೂ ತುಸು ತಗ್ಗಿರುತ್ತದೆ. ತಂತಿಯಲ್ಲಿ ಬಿಗಿ ಇರುವವರೆಗೆ ಮಾತ್ರ ಕೈಯ ಮಾತು ವಿಮಾನಕ್ಕೆ ತಲುಪುತ್ತದೆ. ಬಿಗಿ ಹೋಯಿತೆಂದರೆ ಅದು ಯಾರ ಮಾತನ್ನೂ ಕೇಳದ ಕಟ್ಟಿಗೆಯ ತುಂಡು. ಮುಂದೆ ಹೇಳಲಿರುವ ಎಲ್ಲ ತಿದ್ದುಪಡಿಗಳ ಮೂಲ ಉದ್ದೇಶ ಈ ಬಿಗಿಯನ್ನು ಕಾಪಾಡುವುದೇ.

ತಂತಿ ಯಾರ ಸ್ವತ್ತು?

ಈ ವಿದ್ಯೆ ಬೆಳೆದದ್ದು ಅಮೆರಿಕದಲ್ಲಿ. ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಜಿಮ್ ವಾಕರ್ ಎಂಬ ಆಟಿಕೆ ವಿಮಾನಗಳ ತಯಾರಕರು 1940ರ ದಶಕದ ಆರಂಭದಲ್ಲಿ 'ಫೈರ್‌ಬಾಲ್' ಎಂಬ ವಿಮಾನವನ್ನು ಮಾರುಕಟ್ಟೆಗೆ ತಂದರು. ತಮ್ಮ ವಿಧಾನಕ್ಕೆ 'ಯು-ಕಂಟ್ರೋಲ್' ಎಂದು ಹೆಸರಿಟ್ಟು 1942ರಲ್ಲಿ ಪೇಟೆಂಟನ್ನೂ ಪಡೆದರು. ವಾಕರ್ ಒಳ್ಳೆಯ ಪ್ರದರ್ಶನಕಾರ. ಎರಡು ಕೈಗಳಲ್ಲಿ ಎರಡು ವಿಮಾನ, ತಲೆಗೆ ಕಟ್ಟಿಕೊಂಡ ಹಿಡಿಯಿಂದ ಮೂರನೆಯದು, ಹೀಗೆ ಏಕಕಾಲದಲ್ಲಿ ಮೂರನ್ನು ಹಾರಿಸಿ ಜನರನ್ನು ಬೆರಗುಗೊಳಿಸುತ್ತಿದ್ದರು.

ಪೇಟೆಂಟ್ ಎಂದ ಮೇಲೆ ಜಗಳ ಇದ್ದದ್ದೇ. ಕ್ಯಾಲಿಫೋರ್ನಿಯಾದ ಲಿರಾಯ್ ಕಾಕ್ಸ್ ಅವರ ಕಂಪೆನಿ ಇದೇ ವಿಧಾನದ ಪುಟ್ಟ ವಿಮಾನಗಳನ್ನು ತಯಾರಿಸಿ ಮಾರುತ್ತಿತ್ತು. ವಾಕರ್ ಅದರ ಮೇಲೆ ಮೊಕದ್ದಮೆ ಹೂಡಿದರು. 1955ರಲ್ಲಿ ವಿಚಾರಣೆ ನಡೆದಾಗ ಹೊರಬಂದ ಸಂಗತಿ ಕುತೂಹಲಕರ. ವಾಕರ್ ಅವರ ಆರೆಗಾನ್ ರಾಜ್ಯದವರೇ ಆದ ಓಬಾ ಸೇಂಟ್ ಕ್ಲೇರ್ ಎಂಬ ಹವ್ಯಾಸಿ, 1937ರ ಹೊತ್ತಿಗಾಗಲೇ 'ಮಿಸ್ ಶರ್ಲಿ' ಎಂಬ ತಮ್ಮ ವಿಮಾನವನ್ನು ತಂತಿಗಳಿಂದ ನಡೆಸಿ ತೋರಿಸಿದ್ದರು. ಅವರು ಅದರಿಂದ ಹಣ ಮಾಡಲು ಹೊರಟವರಲ್ಲ. ನ್ಯಾಯಾಲಯ ಅವರ ಕೆಲಸವನ್ನು ಮೊದಲಿನದೆಂದು ಒಪ್ಪಿತು. ವಾಕರ್ ಅವರ ಪೇಟೆಂಟ್ ಬಿದ್ದುಹೋಯಿತು. ಹಾಗೆಂದು ವಾಕರ್ ಅವರ ಶ್ರಮ ಸಣ್ಣದಾಗುವುದಿಲ್ಲ. ಈ ವಿದ್ಯೆಯನ್ನು ಮನೆಮನೆಗೆ ಮುಟ್ಟಿಸಿದವರು ಅವರೇ. ಅಮೆರಿಕದ ರಾಷ್ಟ್ರೀಯ ಸ್ಟಂಟ್ ಸ್ಪರ್ಧೆಯ ಪಾರಿತೋಷಕಕ್ಕೆ ಅವರ ಹೆಸರೇ ನಿಂತಿದೆ. ಆದರೆ ತಂತಿಯ ಮೇಲೆ ಯಾರ ಒಡೆತನವೂ ಉಳಿಯಲಿಲ್ಲ. ಅದು ಎಲ್ಲರ ಸ್ವತ್ತಾಯಿತು.

ಮೊದಲಿಗೆ ಸುತ್ತುವುದೇ ಸೋಜಿಗವಾಗಿತ್ತು. ಬರಬರುತ್ತಾ ಲಾಗ ಹಾಕಿಸುವ ಹುಚ್ಚು ಹಿಡಿಯಿತು. ಬಾಬ್ ಪಾಮರ್, ಜಾರ್ಜ್ ಆಲ್ಡ್ರಿಚ್ ಮುಂತಾದವರು ರೆಕ್ಕೆಯ ಹಿಂಬದಿಗೆ ಫ್ಲ್ಯಾಪ್ ಎಂಬ ಚಲಿಸುವ ಪಟ್ಟಿಗಳನ್ನು ಜೋಡಿಸಿದ ವಿಮಾನಗಳಿಂದ ಹೆಸರಾದರು. ಎಲಿವೇಟರ್ ಮೇಲೆದ್ದಾಗ ಫ್ಲ್ಯಾಪ್ ಕೆಳಗಿಳಿಯುತ್ತದೆ. ಇದರಿಂದ ತಿರುವಿನಲ್ಲಿ ರೆಕ್ಕೆಗೆ ಹೆಚ್ಚಿನ ಎತ್ತುವ ಬಲ ಸಿಗುತ್ತದೆ, ವಿಮಾನ ಜಾರದೆ ಚುರುಕಾಗಿ ಹೊರಳುತ್ತದೆ. 1950ರ ದಶಕದ ಆರಂಭದಲ್ಲಿ ಆಲ್ಡ್ರಿಚ್ ರೂಪಿಸಿದ 'ನೋಬ್ಲರ್' ದಪ್ಪ ರೆಕ್ಕೆಯ, ಸುಮಾರು 50 ಅಂಗುಲ ಅಗಲದ ವಿಮಾನ. ಅದರ ಬಿಡಿಭಾಗಗಳ ಪೆಟ್ಟಿಗೆ ದಶಕಗಳ ಕಾಲ ಮಾರಾಟವಾಯಿತು. ಸ್ಟಂಟ್ ವಿಮಾನ ಹೇಗಿರಬೇಕು ಎಂಬುದಕ್ಕೆ ಅದೇ ಅಳತೆಗೋಲಾಯಿತು.

ಏಳು ನಿಮಿಷದ ಪರೀಕ್ಷೆ

ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ ನಿಯಮಗಳಲ್ಲಿ ಈ ಸ್ಪರ್ಧೆಗೆ 'ಎಫ್2ಬಿ' ಎಂದು ಹೆಸರು. ಏಳು ನಿಮಿಷದೊಳಗೆ ಗೊತ್ತಾದ ಕ್ರಮದಲ್ಲಿ ಗೊತ್ತಾದ ಆಕೃತಿಗಳನ್ನು ಬರೆಯಬೇಕು. ಮೂರು ದುಂಡು ಸುತ್ತುಗಳು, ತಲೆಕೆಳಗಾದ ಹಾರಾಟ, ಚೌಕ ಸುತ್ತುಗಳು, ತ್ರಿಕೋನ, ಅಡ್ಡ ಮತ್ತು ಉದ್ದ ಎಂಟಿನಾಕಾರ, ಮರಳು ಗಡಿಯಾರದ ಆಕಾರ, ನೆತ್ತಿಯ ಮೇಲಿನ ಎಂಟು, ಕೊನೆಗೆ ನಾಲ್ಕೆಲೆಯ ಹೂವಿನಂಥ ಆಕೃತಿ. ತೀರ್ಪುಗಾರರು ಒಂದೊಂದಕ್ಕೂ ಅಂಕ ಕೊಡುತ್ತಾರೆ. ಕಷ್ಟದ ಆಕೃತಿಗೆ ಹೆಚ್ಚಿನ ಬೆಲೆ.

ಹೆಚ್ಚಿನ ಆಕೃತಿಗಳ ತಳ ನೆಲದಿಂದ ಕೇವಲ ಒಂದೂವರೆ ಮೀಟರ್ ಎತ್ತರದಲ್ಲಿರಬೇಕು. ಸೆಕೆಂಡಿಗೆ 24 ಮೀಟರ್ ವೇಗದಲ್ಲಿ ನೇರ ಕೆಳಗಿಳಿಯುವ ವಿಮಾನವನ್ನು ಆ ಎತ್ತರದಲ್ಲಿ ಚೌಕದ ಮೂಲೆಯಂತೆ ತಿರುಗಿಸಿ ಮಟ್ಟಸವಾಗಿ ನಿಲ್ಲಿಸಬೇಕು ಎಂದರೆ ಯೋಚಿಸಿ. ರೆಪ್ಪೆ ಬಡಿಯುವಷ್ಟು ತಡವಾದರೆ ವಿಮಾನ ಮಣ್ಣುಪಾಲು. ಇಂಥ ಮೂಲೆಯನ್ನು ಕೈಚಳಕ ಒಂದರಿಂದಲೇ ತಿರುಗಿಸಲಾಗುವುದಿಲ್ಲ. ವಿಮಾನವೂ ಅದಕ್ಕೆ ಸಿದ್ಧವಾಗಿರಬೇಕು.

ಕಟ್ಟುವ ಕೆಲಸ

ಸಿದ್ಧತೆ ಮರದ ಆಯ್ಕೆಯಿಂದಲೇ ಆರಂಭ. ಈ ವಿಮಾನಗಳ ಮುಖ್ಯ ಸಾಮಗ್ರಿ ಬಾಲ್ಸಾ. ದಕ್ಷಿಣ ಅಮೆರಿಕದ ಈಕ್ವೆಡಾರ್ ಈ ಮರಕ್ಕೆ ಪ್ರಸಿದ್ಧ. ಮಾದರಿ ವಿಮಾನಕ್ಕೆ ಒದಗುವ ಹಗುರ ಬಾಲ್ಸಾ ನಮ್ಮ ತೇಗದ ಮರದ ಆರನೆಯ ಒಂದು ಪಾಲಿನಷ್ಟು ಮಾತ್ರ ತೂಗುತ್ತದೆ. ಆದರೆ ಒಂದೇ ಅಳತೆಯ ಎರಡು ಹಲಗೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಭಾರವಿರಬಹುದು. ಆದ್ದರಿಂದ ಅನುಭವಿಗಳು ಪ್ರತಿ ಹಲಗೆಯನ್ನೂ ತೂಗಿ, ಬಾಗಿಸಿ ನೋಡಿ, ಎಳೆಯ ಜಾಡು ಪರೀಕ್ಷಿಸಿ ಆರಿಸುತ್ತಾರೆ. ಒತ್ತಡ ತಾಳಬೇಕಾದ ಕಡೆಗೆ ಗಟ್ಟಿ ಹಲಗೆ, ಬಾಲದ ಕಡೆಗೆ ಹಗುರ ಹಲಗೆ.

ಎರಡನೆಯದು ನೇರತನ. ರೆಕ್ಕೆ, ಬಾಲದ ಹಲಗೆ, ಎಂಜಿನ್ ಈ ಮೂರೂ ಒಂದೇ ಮಟ್ಟದಲ್ಲಿರಬೇಕು. ರೆಕ್ಕೆಯಲ್ಲಿ ಕಣ್ಣಿಗೆ ಕಾಣದಷ್ಟು ತಿರುಚು ಇದ್ದರೂ ಅದು ಗಾಳಿಯಲ್ಲಿ ಬಯಲಾಗುತ್ತದೆ. ಹಾಗಾಗಿ ಸಮತಟ್ಟಾದ ಹಲಗೆಯ ಮೇಲೆ ಗುಂಡುಸೂಜಿಗಳಿಂದ ಬಿಗಿದು, ಅಂಟು ಪೂರ್ತಿ ಒಣಗುವವರೆಗೆ ಕಾಯುತ್ತಾರೆ. ಎಲಿವೇಟರಿನ ಕೀಲುಗಳು ತಮ್ಮ ಭಾರಕ್ಕೇ ತೂಗಿಬೀಳುವಷ್ಟು ಸಲೀಸಾಗಿರಬೇಕು. ಬೆಲ್‌ಕ್ರ್ಯಾಂಕಿನಿಂದ ಬಾಲಕ್ಕೆ ಹೋಗುವ ಸರಳು ಒತ್ತಡಕ್ಕೆ ಬಾಗಬಾರದು. ಬಾಗಿದರೆ ಕೈ ಹೇಳಿದ್ದು ಒಂದು, ಬಾಲ ಕೇಳಿದ್ದು ಇನ್ನೊಂದು ಎಂಬಂತಾಗುತ್ತದೆ.

ಮೂರನೆಯದು ತೂಕ. ಉಪ್ಪುಕಾಗದದಿಂದ ಉಜ್ಜುವುದು, ಹಗುರ ಕಾಗದ ಅಥವಾ ರೇಷ್ಮೆ ಹೊದಿಸುವುದು, ಡೋಪ್ ಎಂಬ ಮೆರುಗು ಹಚ್ಚುವುದು, ಬಣ್ಣ ಬಳಿಯುವುದು ಎಲ್ಲವೂ ತೂಕ ಸೇರಿಸುವ ಕೆಲಸಗಳೇ. ಕನ್ನಡಿಯಂತೆ ಹೊಳೆಯುವ ಬಣ್ಣದ ಆಸೆಗೆ ಬಿದ್ದು ಹಾರದ ವಿಮಾನ ಕಟ್ಟಿದವರು ಕಡಿಮೆಯಿಲ್ಲ.

ರೋಗ ಪತ್ತೆ

ಇಷ್ಟೆಲ್ಲ ಜಾಗ್ರತೆಯಿಂದ ಕಟ್ಟಿದರೂ ಮೊದಲ ದಿನವೇ ಸರಿಯಾಗಿ ಹಾರುವ ವಿಮಾನ ಅಪರೂಪ. ಇಲ್ಲಿಂದ ಮುಂದೆ ಹಾರಿಸುವವರು ವೈದ್ಯರಾಗಬೇಕಾಗುತ್ತದೆ. ವೈದ್ಯರ ಮೊದಲ ನಿಯಮವೇ ಇಲ್ಲಿಯೂ ಮೊದಲ ನಿಯಮ: ಒಮ್ಮೆಗೆ ಒಂದೇ ಔಷಧಿ. ಎರಡು ತಿದ್ದುಪಡಿಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ಆದ್ದರಿಂದ ಗಂಭೀರ ಹವ್ಯಾಸಿಗಳು ಪ್ರತಿ ಹಾರಾಟದ ನಂತರ ಏನು ಬದಲಾಯಿಸಿದರು, ಏನು ಕಂಡಿತು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ.

ಮೊದಲು ನೋಡುವುದು ಗುರುತ್ವ ಕೇಂದ್ರವನ್ನು. ಮೂಗು ಭಾರವಾದರೆ ವಿಮಾನ ನೆಟ್ಟಗೆ ಓಡುತ್ತದೆ, ಆದರೆ ತಿರುಗಲು ಸೋಮಾರಿ. ಬಾಲ ಭಾರವಾದರೆ ಮುಟ್ಟಿದರೆ ಮುನಿಯುವ ಸ್ವಭಾವ. ತಿರುಗುತ್ತದೆ ನಿಜ, ತಿರುಗಿದ ಮೇಲೆ ಮಟ್ಟಸವಾಗಿ ನಿಲ್ಲುವುದಿಲ್ಲ. ಮೂಗಿಗೋ ಬಾಲಕ್ಕೋ ಕೆಲವೇ ಗ್ರಾಂ ಸೀಸ ಸೇರಿಸಿ ಇವೆರಡರ ನಡುವಿನ ಜಾಗ ಹುಡುಕುತ್ತಾರೆ. ಪ್ರಾರಂಭ ಯಾವಾಗಲೂ ಮೂಗು ಭಾರದ ಕಡೆಯಿಂದ. ಅದು ಅಪಾಯ ಕಡಿಮೆಯ ದಾರಿ.

ಎರಡನೆಯ ಪರೀಕ್ಷೆ ಬಹಳ ಜಾಣತನದ್ದು. ವಿಮಾನ ಕಣ್ಣಿನ ಮಟ್ಟದಲ್ಲಿ ಓಡುವಾಗ ರೆಕ್ಕೆಯ ಅಂಚು ಮಾತ್ರ ಕಾಣಬೇಕು, ಮೇಲ್ಮೈಯಾಗಲಿ ಕೆಳಮೈಯಾಗಲಿ ಕಾಣಬಾರದು. ಹೊರಗಿನ ರೆಕ್ಕೆ ತಗ್ಗಿದೆ ಎಂದುಕೊಳ್ಳಿ. ಕಾರಣ ಆ ರೆಕ್ಕೆಯ ಭಾರವೇ, ಅಥವಾ ರೆಕ್ಕೆಯಲ್ಲಿರುವ ತಿರುಚೇ? ಉತ್ತರ ತಿಳಿಯಲು ವಿಮಾನವನ್ನು ತಲೆಕೆಳಗು ಮಾಡಿ ಹಾರಿಸುತ್ತಾರೆ. ಆಗಲೂ ಹೊರ ರೆಕ್ಕೆಯೇ ತಗ್ಗಿದ್ದರೆ ದೋಷ ಭಾರದ್ದು. ಏಕೆಂದರೆ ಭೂಮಿಯ ಸೆಳೆತ ವಿಮಾನ ಹೇಗೆ ಮಗುಚಿದರೂ ಕೆಳಕ್ಕೇ ಇರುತ್ತದೆ. ತಲೆಕೆಳಗಾದಾಗ ಅದೇ ರೆಕ್ಕೆ ಮೇಲೆದ್ದರೆ ದೋಷ ತಿರುಚಿನದು. ವಿಮಾನದ ಜತೆ ತಿರುಚೂ ಮಗುಚಿಕೊಂಡಿದೆ ಎಂದರ್ಥ. ಮೊದಲನೆಯದಕ್ಕೆ ರೆಕ್ಕೆ ತುದಿಯ ಸೀಸ ಕಡಿಮೆ ಮಾಡುವುದು ಮದ್ದು, ಎರಡನೆಯದಕ್ಕೆ ಒಂದು ಕಡೆಯ ಫ್ಲ್ಯಾಪನ್ನು ಕೂದಲೆಳೆಯಷ್ಟು ತಿರುಚುವುದು ಮದ್ದು. ಉಪಕರಣವಿಲ್ಲ, ಖರ್ಚಿಲ್ಲ, ಕಣ್ಣು ಮತ್ತು ತರ್ಕ ಇದ್ದರೆ ಸಾಕು.

ಹೊರ ರೆಕ್ಕೆಯ ತುದಿಯಲ್ಲಿ ಸೀಸ ಏಕಿರುತ್ತದೆ ಎಂದು ಕೇಳಬಹುದು. ಒಳ ರೆಕ್ಕೆಗೆ ತಂತಿಗಳ ಭಾರ ಜೋತುಬಿದ್ದಿರುತ್ತದೆ. ಅದನ್ನು ಸರಿದೂಗಿಸಲು ಹೊರಗಡೆಗೆ ಸೀಸ ಬೇಕು. ಅದು ಅತಿಯಾದರೆ ಚೌಕದ ಮೂಲೆಯಲ್ಲಿ ವಿಮಾನ ಬಾಗಿಲಿನಂತೆ ಹೊರಳುತ್ತದೆ.

ಮೂರನೆಯದು ತಂತಿಗಳು ರೆಕ್ಕೆಯಿಂದ ಹೊರಬರುವ ಜಾಗ. ಗಾಳಿಯ ತಡೆಯಿಂದ ತಂತಿಗಳು ಹಿಂದಕ್ಕೆ ಬಿಲ್ಲಿನಂತೆ ಬಾಗಿರುತ್ತವೆ. ಅವು ಹೊರಬರುವ ಜಾಗ ತೀರಾ ಮುಂದಿದ್ದರೆ ಮೂಗು ಒಳಕ್ಕೆ ತಿರುಗಿ ಬಿಗಿ ಸಡಿಲುತ್ತದೆ. ತೀರಾ ಹಿಂದಿದ್ದರೆ ಮೂಗು ಅತಿಯಾಗಿ ಹೊರಕ್ಕೆ ತಿರುಗಿ ಮೂಲೆಗಳಲ್ಲಿ ವಿಮಾನ ತೂರಾಡುತ್ತದೆ. ಅದಕ್ಕಾಗಿ ಈ ಜಾಗವನ್ನು ಹಿಂದೆ ಮುಂದೆ ಸರಿಸುವ ಏರ್ಪಾಡನ್ನು ಕಟ್ಟುವಾಗಲೇ ಮಾಡಿಟ್ಟಿರುತ್ತಾರೆ.

ಇದರ ಜತೆಗೆ ಬುಗುರಿಯ ಗುಣವೊಂದು ಸೇರಿಕೊಳ್ಳುತ್ತದೆ. ತಿರುಗುವ ಬುಗುರಿಯನ್ನು ಒಂದು ಕಡೆಗೆ ನೂಕಿದರೆ ಅದು ಇನ್ನೊಂದು ಕಡೆಗೆ ವಾಲುವುದನ್ನು ನೋಡಿದ್ದೀರಿ. ಪ್ರೊಪೆಲ್ಲರ್ ಕೂಡ ಒಂದು ಬುಗುರಿಯೇ. ವಾಡಿಕೆಯ ಪ್ರೊಪೆಲ್ಲರ್ ಇರುವ ವಿಮಾನದ ಮೂಗನ್ನು ಥಟ್ಟನೆ ಮೇಲೆತ್ತಿದರೆ ಅದು ಹೊರಕ್ಕೆ ತಿರುಗುತ್ತದೆ, ಥಟ್ಟನೆ ಕೆಳಗಿಳಿಸಿದರೆ ಒಳಕ್ಕೆ ತಿರುಗಿ ತಂತಿಯ ಬಿಗಿ ಕದಿಯುತ್ತದೆ. ಅಲ್ ರೇಬ್ ಎಂಬ ಅಮೆರಿಕದ ಹವ್ಯಾಸಿ ಇದಕ್ಕೆ ಪರಿಹಾರವಾಗಿ ಎಲಿವೇಟರಿನ ಜತೆಯಲ್ಲೇ ಚಲಿಸುವ ಚುಕ್ಕಾಣಿಯನ್ನು ರೂಪಿಸಿದರು. ಅದನ್ನು ಇಂದಿಗೂ 'ರೇಬ್ ರಡ್ಡರ್' ಎಂದೇ ಕರೆಯುತ್ತಾರೆ.

ಕಿವಿಯ ಕೆಲಸ

ಎಂಜಿನ್ ಹದ ಮಾಡುವುದು ಕಣ್ಣಿಗಿಂತ ಕಿವಿಯ ಕೆಲಸ. ಹಳೆಯ ಎಂಜಿನುಗಳ ಇಂಧನ ಮೆಥನಾಲ್, ಸ್ವಲ್ಪ ನೈಟ್ರೋಮೀಥೇನ್ ಮತ್ತು ನಮ್ಮ ಅಜ್ಜಿಯರಿಗೆ ಚಿರಪರಿಚಿತವಾದ ಹರಳೆಣ್ಣೆ. ಕಾವು ಏರಿದರೂ ಹರಳೆಣ್ಣೆ ಜಾರುಗುಣ ಬಿಡುವುದಿಲ್ಲ. ಡ್ಯೂಕ್ ಫಾಕ್ಸ್ ಅವರ 'ಫಾಕ್ಸ್ 35' ಎಂಬ, ಆರು ಸಿಸಿಗೂ ಕಡಿಮೆ ಗಾತ್ರದ ಎಂಜಿನ್ ಇದನ್ನು ಕುಡಿದೇ ಖ್ಯಾತಿ ಗಳಿಸಿತು. ಅದಕ್ಕೆ ತುಸು ಹೆಚ್ಚು ಇಂಧನ ಕೊಟ್ಟು ಓಡಿಸಿದರೆ ಮಟ್ಟಸ ಹಾರಾಟದಲ್ಲಿ ಒಂದು ಬಿಟ್ಟು ಒಂದು ಸುತ್ತಿಗೆ ಉರಿದು ಗೊರಗೊರ ಸದ್ದು ಮಾಡುತ್ತದೆ. ಮೂಗು ಮೇಲೆದ್ದೊಡನೆ ಪ್ರತಿ ಸುತ್ತಿಗೂ ಉರಿದು ಸದ್ದು ಏರುತ್ತದೆ, ಬಲ ಹೆಚ್ಚುತ್ತದೆ. ಆಕೃತಿ ಮುಗಿದರೆ ಮತ್ತೆ ಗೊರಗೊರ. ಬಲ ಬೇಕಾದಾಗ ತಾನಾಗಿ ಬರುತ್ತದೆ, ಬೇಡವಾದಾಗ ತಾನಾಗಿ ಹೋಗುತ್ತದೆ.

ಇಂಧನದ ಟ್ಯಾಂಕಿನ ಎತ್ತರಕ್ಕೂ ಹದವಿದೆ. ತಲೆಕೆಳಗಾದಾಗ ಸುತ್ತಿನ ವೇಗ ಹೆಚ್ಚಿದರೆ ಟ್ಯಾಂಕ್ ಎತ್ತರದಲ್ಲಿದೆ, ತುಸು ಇಳಿಸಬೇಕು. ತಗ್ಗಿದರೆ ಏರಿಸಬೇಕು. ಎರಡೂ ಬಗೆಯಲ್ಲಿ ಸುತ್ತಿನ ಹೊತ್ತು ಸಮನಾಗುವವರೆಗೆ ಸ್ಟಾಪ್‌ವಾಚ್ ಹಿಡಿದು ತಾಳ್ಮೆಯಿಂದ ನೋಡಬೇಕು.

ಈಗ ಕಾಲ ಬದಲಾಗಿದೆ. 21ನೇ ಶತಮಾನದಲ್ಲಿ ಬ್ಯಾಟರಿ ಮತ್ತು ವಿದ್ಯುತ್ ಮೋಟಾರುಗಳು ಬಂದು, ವಿಶ್ವಮಟ್ಟದ ಸ್ಪರ್ಧಿಗಳಲ್ಲಿ ಅನೇಕರು ಅವುಗಳಿಗೆ ಒಲಿದಿದ್ದಾರೆ. ಹರಳೆಣ್ಣೆಯ ವಾಸನೆ ಹೋಗಿ ಮೋಟಾರಿನ ವೇಗವನ್ನು ಎಲೆಕ್ಟ್ರಾನಿಕ್ ಯಂತ್ರ ನೋಡಿಕೊಳ್ಳುತ್ತದೆ. ಆದರೆ ಸೀಸದ ತುಂಡು, ತಂತಿಯ ಜಾಗ, ಫ್ಲ್ಯಾಪಿನ ತಿರುಚು ಇವುಗಳ ಲೆಕ್ಕ ಹಾಗೆಯೇ ಉಳಿದಿದೆ.

ಕಟ್ಟಿದವರೇ ಹಾರಿಸಬೇಕೆ?

ಈ ಕ್ರೀಡೆಯಲ್ಲಿ ದೀರ್ಘಕಾಲದ ಒಂದು ವಿವಾದವಿದೆ. ಅಮೆರಿಕದ ನಿಯಮಗಳು ದಶಕಗಳ ಕಾಲ ವಿಮಾನ ಕಟ್ಟಿದವರೇ ಅದನ್ನು ಹಾರಿಸಬೇಕೆಂದು ವಿಧಿಸಿದ್ದವು. ವಿಮಾನದ ಅಂದಕ್ಕೂ ನೇರತನಕ್ಕೂ 20ರವರೆಗೆ ಅಂಕಗಳಿದ್ದವು. ಇತ್ತ ಅಂತರರಾಷ್ಟ್ರೀಯ ಕಣದಲ್ಲಿ ನುರಿತ ಕುಶಲಕರ್ಮಿಗಳು ಕಟ್ಟಿ ಮಾರಿದ ವಿಮಾನಗಳೂ ಕಾಣಿಸಿಕೊಂಡವು. ಒಂದು ಪಕ್ಷದವರು ಕೇಳುವುದು: ಕೊಂಡು ತಂದ ವಿಮಾನದಲ್ಲಿ ಗೆದ್ದರೆ ಆ ಗೆಲುವು ಯಾರದು? ಇನ್ನೊಂದು ಪಕ್ಷದವರು ಕೇಳುವುದು: ವೀಣೆ ನುಡಿಸುವವರು ವೀಣೆಯನ್ನೂ ಕೆತ್ತಬೇಕೆ? ಬಿಡುವಿಲ್ಲದವರು, ಮನೆಯಲ್ಲಿ ಜಾಗವಿಲ್ಲದವರು ಈ ಆಟದಿಂದ ದೂರ ಉಳಿಯಬೇಕೆ?

ಎರಡೂ ಪ್ರಶ್ನೆಗಳಲ್ಲಿ ನ್ಯಾಯವಿದೆ. ಆದರೆ ವೀಣೆಯ ಹೋಲಿಕೆಯನ್ನೇ ಇನ್ನಷ್ಟು ಮುಂದುವರಿಸಿದರೆ ಉತ್ತರ ಹೊಳೆಯುತ್ತದೆ. ವೀಣೆಯನ್ನು ಕೊಳ್ಳಬಹುದು, ಶ್ರುತಿ ಸೇರಿಸುವುದನ್ನು ಮಾತ್ರ ನುಡಿಸುವವರೇ ಕಲಿಯಬೇಕು. ಬೇರೊಬ್ಬರು ಹದ ಮಾಡಿಕೊಟ್ಟ ವಿಮಾನ ಹವೆ ಬದಲಾದಾಗ, ಪ್ರೊಪೆಲ್ಲರ್ ಬದಲಾದಾಗ, ಸಣ್ಣ ಪೆಟ್ಟು ಬಿದ್ದು ರಿಪೇರಿಯಾದಾಗ ಮತ್ತೆ ಹದ ತಪ್ಪುತ್ತದೆ. ಆಗ ಕಾರಣ ಹುಡುಕಬೇಕಾದವರು ಹಿಡಿ ಹಿಡಿದವರೇ. ಕಟ್ಟಿದವರಿಗೆ ಅಲ್ಲೊಂದು ಅನುಕೂಲ ಇರುವುದು ನಿಜ: ಯಾವ ಕೀಲು ಬಿಗಿಯಾಗಿದೆ, ಯಾವ ಹಲಗೆ ಭಾರವಾಗಿತ್ತು ಎಂಬುದು ಅವರ ಬೆರಳುಗಳಿಗೆ ನೆನಪಿರುತ್ತದೆ. ಕಟ್ಟುವುದು ಪೂರ್ತಿಯಾಗಿ ಅಂಗಡಿಯ ಪಾಲಾದರೆ ಕಳೆದುಹೋಗುವುದು ಈ ಬೆರಳಿನ ನೆನಪು. ಆತಂಕಪಡಬೇಕಾದದ್ದು ಅದಕ್ಕಾಗಿ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಆಸರೆಯಾದ ಸಂಸ್ಥೆಗಳಲ್ಲಿ ಎನ್‌ಸಿಸಿ ಮುಖ್ಯವಾದುದು. ಅದರ ವಾಯುವಿಭಾಗ 1950ರಲ್ಲಿ ಆರಂಭವಾಯಿತು. ಏರೋಮಾಡೆಲಿಂಗ್ ಅಲ್ಲಿನ ಕೆಡೆಟ್‌ಗಳ ತರಬೇತಿಯ ಭಾಗ. ಕಂಟ್ರೋಲ್ ಲೈನ್ ಹಾರಾಟವೂ ಅವರ ಸ್ಪರ್ಧೆಗಳಲ್ಲಿದೆ. ಕರ್ನಾಟಕದ ಕಾಲೇಜುಗಳಲ್ಲಿ ಬಾಲ್ಸಾ ಕೊರೆದು ಬೆರಳಿಗೆ ಗಾಯ ಮಾಡಿಕೊಂಡ ಕೆಡೆಟ್‌ಗಳು ಈ ಮಾತುಗಳನ್ನು ಪುಸ್ತಕವಿಲ್ಲದೆಯೇ ಬಲ್ಲರು.

ಆಸಕ್ತರು ಮರೆಯಬಾರದ ಎಚ್ಚರಿಕೆಗಳೂ ಇವೆ. ತಂತಿ ಉಕ್ಕಿನದು, ವಿದ್ಯುತ್ ಹರಿಯುವಂಥದ್ದು. ವಿದ್ಯುತ್ ಮಾರ್ಗದ ಹತ್ತಿರವಾಗಲಿ, ಗುಡುಗು ಮಿಂಚಿನ ಹೊತ್ತಿನಲ್ಲಾಗಲಿ ಹಾರಿಸಲೇಬಾರದು. ಹಿಡಿಗೆ ಕಟ್ಟಿದ ಪಟ್ಟಿ ಮಣಿಕಟ್ಟಿನಲ್ಲಿರಬೇಕು. ಸ್ಪರ್ಧೆಗಳಲ್ಲಿ ವಿಮಾನದ ತೂಕದ ಹತ್ತು ಪಟ್ಟು ಬಲದಿಂದ ತಂತಿಯನ್ನು ಎಳೆದು ಪರೀಕ್ಷಿಸಿದ ಮೇಲೆಯೇ ಹಾರಾಟಕ್ಕೆ ಅಪ್ಪಣೆ. ವೃತ್ತದೊಳಗೆ ಮಕ್ಕಳು ಬಾರದಂತೆ ಕಾಯಬೇಕು.

ಪೇಟೆಂಟ್ ಬಿದ್ದುಹೋದ ಮೇಲೆ ತಂತಿ ಎಲ್ಲರದಾಯಿತು ಎಂದು ಹೇಳಿದ್ದಾಯಿತು. ಹದದ ತಿಳಿವಳಿಕೆಯೂ ಹಾಗೆಯೇ ಎಲ್ಲರದಾಗಿ ಬೆಳೆದಿದೆ. ಒಬ್ಬರು ಕಂಡುಕೊಂಡದ್ದನ್ನು ಇನ್ನೊಬ್ಬರಿಗೆ ಮೈದಾನದ ಅಂಚಿನಲ್ಲೇ ಹೇಳಿಬಿಡುತ್ತಾರೆ, ಎದುರಾಳಿಗೂ ಬಚ್ಚಿಡುವುದಿಲ್ಲ. ಬಚ್ಚಿಟ್ಟರೂ ಪ್ರಯೋಜನ ಕಡಿಮೆ. ಏಕೆಂದರೆ ಎಲ್ಲವನ್ನೂ ಕೇಳಿಕೊಂಡು ಮನೆಗೆ ಹೋದವರು ಸಹ ತಮ್ಮ ವಿಮಾನದ ರೆಕ್ಕೆಗೆ ಎಷ್ಟು ಗ್ರಾಂ ಸೀಸ ಬೇಕೆಂಬುದನ್ನು ತಾವೇ ಹಾರಿಸಿ, ತಾವೇ ನೋಡಿ, ತಾವೇ ಬರೆದಿಟ್ಟುಕೊಳ್ಳಬೇಕು.